ಸರಿ ಉಂಟು, ಬಡಿಸಿ

ಹೋದ ತಿಂಗಳು, ಬಂದರಿನಲ್ಲಿ ನಾನು ದಿನಾ ಊಟ ಮಾಡುವ ಹೊಟೇಲಿನ ಧಣಿ ತೀರಿಕೊಂಡರು. ಬೆಳಿಗ್ಗೆ ಪೇಪರು ಓದುತ್ತ ಕೂತಲ್ಲೇ ಹೃದಯ ನಿಂತಿತು. ಹೊಟ್ಟೆಯಿಂದ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಧಣಿಯೇ ಎದ್ದು ಬಂದರೂ ಮೊದಲು ಇದನ್ನೇ ಹೇಳುತ್ತಿದ್ದರು: "ಹೊಟ್ಟೆಯಿಂದ ಅಲ್ಲ ಮಾರಾಯ, ಸರಿಯಾಗಿ ಬರೆ."

ನಾನು ಬರೆಯುವವನಲ್ಲ, ಟೈಪ್ ಮಾಡುವವನು. ಫಳ್ನೀರಿನ ಒಂದು ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಡಾಕ್ಟರು ಫಿಲ್ಮು ನೋಡಿ ಹೇಳುತ್ತ ಹೋಗುತ್ತಾರೆ, ನಾನು ಕುಟ್ಟುತ್ತ ಹೋಗುತ್ತೇನೆ. ಕೆಲವು ವರ್ಷ ಹೀಗೆ ಕುಟ್ಟಿದರೆ ಮನುಷ್ಯನ ಒಳಗೆ ಎಲ್ಲೆಲ್ಲಿ ಏನೇನಿದೆ ಎಂಬುದು ತಾನಾಗಿಯೇ ತಲೆಗೆ ಹತ್ತುತ್ತದೆ. ಹತ್ತದೆ ಉಳಿದದ್ದನ್ನು ಡಾಕ್ಟರ ಕೋಣೆಯ ಹಳೆಯ ಪುಸ್ತಕಗಳಿಂದ ನಾನೇ ಹತ್ತಿಸಿಕೊಂಡೆ. ಯಾರೂ ಕಲಿಸಲಿಲ್ಲ. ಕಲಿತದ್ದನ್ನು ಹೇಳು ಎಂದು ಯಾರೂ ಕೇಳಲೂ ಇಲ್ಲ. ಕೇಳದೆ ಹೇಳುವುದು ನನ್ನ ಚಾಳಿ. ಹಾಗೆ ಕೇಳದೆ ಹೇಳಿದ್ದು ಒಂದು ಸಲ ಸರಿಯಾಯಿತು. ಆ ಒಂದು ಸಲದ ಕತೆ ಇದು, ಅಂದರೆ ಧಣಿಯ ಕತೆ.

ನನ್ನದು ಮಧ್ಯಾಹ್ನದ ನಂತರದ ಪಾಳಿ. ವಾಸ ಬಂದರಿನಲ್ಲಿ, ಒಂದು ಗೋಡೌನಿನ ಮೇಲಿನ ಕೋಣೆಯಲ್ಲಿ. ಹನ್ನೊಂದೂವರೆಗೆ ಕೆಳಗಿಳಿದು ಧಣಿಯ ಹೊಟೇಲಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಉಂಡು ಬಸ್ಸು ಹತ್ತುತ್ತಿದ್ದೆ. ಧಣಿಯೆಂದರೆ ಆರಡಿಯ ಆಳು, ಮಡಚಿ ಕಟ್ಟಿದ ಬಿಳಿ ಪಂಚೆ, ತೋಳಿರುವ ಬನಿಯನು, ಕಿವಿಯ ಮೇಲೆ ಒಂದು ಬೀಡಿ. ಸಾವಿರದ ಒಂಬೈನೂರ ಎಪ್ಪತ್ತರ ಸುಮಾರಿಗೆ ಹೊಟೇಲು ತೆರೆದ ದಿನದಿಂದ ಅಲ್ಲೊಂದು ಕಾನೂನು ನಡೆದುಕೊಂಡು ಬಂದಿತ್ತು. ದಿನದ ಮೊದಲ ಎಲೆ ಧಣಿಯದ್ದು. ಬಾಗಿಲಿಗೆ ಎದುರಾದ ಮೇಜಿನಲ್ಲಿ, ರಸ್ತೆಯಲ್ಲಿ ಹೋಗುವ ಕೈಗಾಡಿಯವನಿಗೂ ಕಾಣುವ ಹಾಗೆ ಕೂತು, ಅವರು ಉಣ್ಣಬೇಕು. ಅವರು ಒಪ್ಪುವ ತನಕ ಯಾರಿಗೂ ಬಡಿಸುವ ಹಾಗಿಲ್ಲ. ಅಡುಗೆಯ ಬಾಬಣ್ಣ ಸಹ ಬೆರಳು ಅದ್ದಿ ರುಚಿ ನೋಡುವ ಹಾಗಿಲ್ಲ.

"ಮಾಡಿದವನೇ ತನಗೆ ಸರ್ಟಿಫಿಕೇಟು ಕೊಡುವುದು ಯಾವ ಊರಿನ ನ್ಯಾಯ?" ಎನ್ನುತ್ತಿದ್ದರು ಧಣಿ.

ಮೊದಲ ತುತ್ತು ಬಾಯಿಗೆ ಹೋದ ಕೂಡಲೇ ಕಣ್ಣು ಮುಚ್ಚಿ, ಗಲ್ಲ ಎತ್ತಿ, ಫ್ಯಾನಿನ ಕಡೆಗೆ ಮುಖ ಮಾಡುತ್ತಿದ್ದರು. ನಾವು ಹತ್ತಿಪ್ಪತ್ತು ಜನ ಖಾಲಿ ಎಲೆಗಳ ಮುಂದೆ ಉಸಿರು ಹಿಡಿದು ಕೂತಿರುತ್ತಿದ್ದೆವು. ತೀರ್ಪು ಬರುತ್ತಿತ್ತು: "ಬಾಬೂ, ಹುಳಿ ಓಡಿಕೊಂಡು ಮುಂದೆ ಬಂದಿದೆ. ಖಾರ ಇನ್ನೂ ಮನೆಯಿಂದ ಹೊರಡಲೇ ಇಲ್ಲ." ಬಾಬಣ್ಣ ಒಳಗೆ ಓಡಿ ಏನೋ ಸರಿ ಮಾಡಿ ಮತ್ತೆ ತರುತ್ತಿದ್ದ. ಇನ್ನೊಂದು ದಿನ, "ತೆಂಗಿನಕಾಯಿ ನಿದ್ದೆ ಮಾಡ್ತಾ ಉಂಟು, ಎಬ್ಬಿಸು." ಕೊನೆಗೆ ಗಲ್ಲ ಕೆಳಗಿಳಿದು, "ಹ್ಞಾಂ, ಸರಿ ಉಂಟು, ಬಡಿಸಿ" ಎಂದ ಮೇಲೆಯೇ ನಮ್ಮ ಎಲೆಗೆ ಅನ್ನ ಬೀಳುತ್ತಿತ್ತು.

ಧಣಿ ಸರಿ ಎಂದ ಮೇಲೆ ಗಿರಾಕಿಗಳು ಎದುರು ಮಾತಾಡುವ ಪದ್ಧತಿ ಇರಲಿಲ್ಲ. ಒಮ್ಮೆ ಹೊಸಬ ಲಾರಿ ಡ್ರೈವರನೊಬ್ಬ "ಉಪ್ಪು ಕಡಿಮೆ" ಎಂದುಬಿಟ್ಟ. ಪಕ್ಕದ ಎಲೆಯಲ್ಲಿದ್ದ ಅದ್ರಾಮಾಕ, ಒಣಮೀನಿನ ಸಗಟು ವ್ಯಾಪಾರಿ, ಹೊಟೇಲಿನ ಮೊದಲ ದಿನದ ಗಿರಾಕಿ, ತಿರುಗಿ ನೋಡಿದರು. "ಧಣಿಗಿಂತ ದೊಡ್ಡ ನಾಲಗೆಯಾ ನಿನ್ನದು?" ಡ್ರೈವರ ಮತ್ತೆ ಬಾಯಿ ತೆರೆದದ್ದು ತುತ್ತಿಗೆ ಮಾತ್ರ.

ಇಷ್ಟು ಗಟ್ಟಿ ಮನುಷ್ಯನಿಗೆ ಹೊಟ್ಟೆನೋವು ಬಂತು. ಎಂಥ ಶಿಸ್ತಿನ ನೋವು ಎಂದರೆ ಗಡಿಯಾರ ಇಟ್ಟುಕೊಂಡು ಬರುತ್ತಿತ್ತು. ಹನ್ನೊಂದೂವರೆಗೆ ಉಂಡರೆ ಹನ್ನೆರಡಕ್ಕೆ ಹಾಜರು. ಉಣ್ಣದ ದಿನ ರಜೆ. ಹಸಿವೆ ಮಾತ್ರ ಮೊದಲಿನ ಹಾಗೆಯೇ. ಗ್ಯಾಸಿಗೆ ಮದ್ದು ಆಯಿತು, ಅಲ್ಸರಿಗೆ ಹಾಲು ಆಯಿತು. ಬಾಯಿಯಿಂದ ಟ್ಯೂಬು ಇಳಿಸಿ ನೋಡಿದ ಡಾಕ್ಟರು ಏನೂ ತೊಂದರೆ ಇಲ್ಲ ಎಂದರು. "ನನ್ನ ಹೊಟ್ಟೆ ಫಸ್ಟ್ ಕ್ಲಾಸ್ ಅಂತೆ," ಎಂದು ಧಣಿ ಎಲ್ಲರಿಗೂ ಹೇಳಿಕೊಂಡು ಬಂದು ಹನ್ನೆರಡಕ್ಕೆ ಹೊಟ್ಟೆ ಹಿಡಿದುಕೊಂಡು ಹಿಂದಕ್ಕೆ ಮರೆಯಾದರು. ಅವರ ಹೆಂಡತಿ ವಾರಿಜಕ್ಕ ಜೋಯಿಸರಲ್ಲಿ ಕೇಳಿಸಿದರು. ದೃಷ್ಟಿ ತಾಗಿದೆ ಎಂದು ಬಂತು.

"ತಾಗದೆ ಇರ್ತದಾ? ಇಡೀ ಬಂದರಿನ ಎದುರು ಬಾಯಿ ಕಳೆದು ಕೂತ್ಕೊಂಡ್ರೆ? ಒಂದು ಪರದೆಯಾದ್ರೂ ಕಟ್ಟಿಸಿ," ಎಂದರು ವಾರಿಜಕ್ಕ.

"ಪರದೆ ಹಾಕಿ ಉಣ್ಣಲಿಕ್ಕೆ ನಾನು ಎಂತ ಮದುಮಗಳಾ?" ಎಂದರು ಧಣಿ.

ನಾನು ಸಹ ಸುಮ್ಮನಿರಲಿಲ್ಲ. ಮೊದಲು ಪಿತ್ತಕೋಶದ ಕಲ್ಲು ಎಂದೆ. ಆಮೇಲೆ ಜಂತುಹುಳ ಎಂದೆ. ಮತ್ತೊಮ್ಮೆ ಬೆನ್ನುಮೂಳೆ ಎಂದೆ. ಮೂರಕ್ಕೂ ಧಣಿ ಒಂದೇ ಪ್ರಶ್ನೆ ಕೇಳಿದರು.

"ನೀನು ಡಾಕ್ಟರಾ, ಟೈಪಿಸ್ಟಾ?"

"ಟೈಪಿಸ್ಟು."

"ಹಾಗಾದ್ರೆ ಟೈಪ್ ಮಾಡು."

ವರ್ಷ ಎರಡಾಯಿತು, ಮೂರಾಯಿತು. ಆರಡಿಯ ಆಳು ಬಟ್ಟೆ ನೇತುಹಾಕುವ ಗಳದ ಹಾಗಾದರು. ಆದರೂ ಹನ್ನೊಂದೂವರೆಗೆ ಅದೇ ಮೇಜು, ಅದೇ ಎಲೆ. ನನಗೆ ಅನುಮಾನ ಬಂದದ್ದು ಬೆಕ್ಕಿನಿಂದ. ಹೊಟೇಲಿನ ಹಿಂದಿನ ಅಂಗಳದಲ್ಲಿ ಒಂದು ಬಿಳಿ ಬೆಕ್ಕು ಇತ್ತು. ಧಣಿ ಸಣ್ಣಗಾದಷ್ಟೂ ಅದು ದಪ್ಪಗಾಗುತ್ತ ಹೋಯಿತು. ಕೊನೆಕೊನೆಗೆ ಅದು ಗೋಡೆ ಹಾರುವುದನ್ನು ಬಿಟ್ಟು ಗೇಟಿನಿಂದ ಬರತೊಡಗಿತು. ಆ ಮೇಲೆ ನಾನು ಧಣಿಯ ಮುಖ ಬಿಟ್ಟು ಕೈ ನೋಡಲು ಶುರು ಮಾಡಿದೆ. ಕೈ ಅನ್ನ ಕಲಸುತ್ತದೆ, ಎಲೆಯ ಸುತ್ತ ಒಂದು ಪ್ರದಕ್ಷಿಣೆ ಬರುತ್ತದೆ, ಬಾಯಿಯ ತನಕ ಏರುತ್ತದೆ, ಬಾಯಿ ಅಗಿಯುತ್ತದೆ, ಗಲ್ಲ ಫ್ಯಾನಿನ ಕಡೆಗೆ ಎದ್ದು ನಿಲ್ಲುತ್ತದೆ. ಬೆರಳಿನಲ್ಲಿದ್ದ ಅನ್ನ ಮಾತ್ರ ತಿರುಗಿ ಎಲೆಗೇ ಬಂದು ಮೀನಿನ ಮರೆಯಲ್ಲಿ ಮಲಗುತ್ತದೆ. "ಸರಿ ಉಂಟು, ಬಡಿಸಿ" ಎಂದು ಎಲೆ ಮಡಚಿ, ತಾವೇ ಎತ್ತಿಕೊಂಡು ಹಿಂದಿನ ಅಂಗಳಕ್ಕೆ ಹೋಗುತ್ತಾರೆ. ಅಲ್ಲಿ ಬೆಕ್ಕು ಕಾಯುತ್ತಿರುತ್ತದೆ.

ಯಾಕೆ ಈ ನಾಟಕ ಎಂದು ನೀವು ಕೇಳಬಹುದು. ಧಣಿ ಉಣ್ಣುವುದನ್ನು ಬಿಟ್ಟರು ಎಂದು ಬಂದರಿನಲ್ಲಿ ಸುದ್ದಿಯಾದರೆ ಹೊಟೇಲಿನ ಬಾಗಿಲು ಎಳೆದ ಹಾಗೆಯೇ. ಹೇಗೂ ಆಗಲೇ ಗುಸುಗುಸು ಎದ್ದಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಹೊಟೇಲು ಹಿಡಿಯುತ್ತಿದ್ದರು. ನನಗೂ ಆ ದಿನಗಳಲ್ಲಿ ಬಾಯಿರುಚಿ ಕೆಟ್ಟಿತ್ತು. ಅದು ವಿಟಮಿನ್ ಕೊರತೆ ಎಂದು ನಾನೇ ಕಂಡುಹಿಡಿದು ದಿನಕ್ಕೊಂದು ಮಾತ್ರೆ ನುಂಗುತ್ತಿದ್ದೆ.

ಒಂದು ದಿನ ಅದ್ರಾಮಾಕ ತಡೆಯಲಾರದೆ ಕೇಳಿಯೇಬಿಟ್ಟರು. "ಧಣಿ, ನಿಮ್ಮ ಹೊಟೇಲಿನ ಊಟ ಉಂಡು ನೀವೇ ಹೀಗಾದ್ರೆ, ನಮ್ಮ ಗತಿ ಎಂತ?"

ತಮಾಷೆಗೆ ಕೇಳಿದ್ದು. ಧಣಿಗೆ ತಾಗಿತು. ಮರುದಿನ ಅವರು ನಿಜವಾಗಿ ಉಂಡರು. ಎಲ್ಲರ ಎದುರು ಎರಡು ಬಂಗುಡೆ, ಗುಡ್ಡೆಯಷ್ಟು ಅನ್ನ, ಕಣ್ಣು ಗಡಿಯಾರದ ಮೇಲಿಟ್ಟು ಮದ್ದು ನುಂಗಿದ ಹಾಗೆ ನುಂಗಿದರು. ಎಲೆಯಲ್ಲಿ ಬೆಕ್ಕಿಗೆ ಮುಳ್ಳು ಮಾತ್ರ ಉಳಿಯಿತು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಎದ್ದು ಹಿಂದಕ್ಕೆ ಹೋದರು. ನಾನು ಕೈ ತೊಳೆಯುವ ನೆವದಲ್ಲಿ ಹಿಂಬಾಲಿಸಿದೆ. ಅರೆಯುವ ಕಲ್ಲಿನ ಪಕ್ಕ ಮೊಣಕಾಲು ಎದೆಗೆ ಒತ್ತಿ ಕುಕ್ಕುರುಗಾಲಲ್ಲಿ ಕೂತಿದ್ದರು. ಬನಿಯನು ಬೆವರಿನಲ್ಲಿ ತೊಯ್ದಿತ್ತು. ಬೆಕ್ಕು ಎದುರು ಕೂತು ಅವರನ್ನೇ ನೋಡುತ್ತಿತ್ತು.

ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಬಲ್ಬು ಹೊತ್ತಿತು. ಹಸಿವೆ ಇದೆ, ಉಣ್ಣಲು ಹೆದರಿಕೆ. ಉಂಡು ಅರ್ಧ ಗಂಟೆಗೆ ನೋವು. ಒಣಗುತ್ತಿರುವ ಮೈ, ಜೊತೆಗೆ ಬೀಡಿ. ಇದನ್ನೆಲ್ಲ ಒಂದೇ ಪುಟದಲ್ಲಿ ಓದಿದ್ದು ನೆನಪಾಯಿತು.

"ಧಣಿ, ಇದು ಹೊಟ್ಟೆಯದ್ದಲ್ಲ. ಕರುಳಿಗೆ ರಕ್ತ ಕೊಂಡುಹೋಗುವ ನಾಳ ಉಂಟಲ್ಲ, ಅದು ಕಟ್ಟಿಕೊಂಡಿದೆ. ನೀರಿನ ಪೈಪಿನ ಒಳಗೆ ಪಾಚಿ ಕಟ್ಟಿದ ಹಾಗೆ..."

ಈ ಸಲ ಅವರು ಟೈಪ್ ಮಾಡು ಎನ್ನಲಿಲ್ಲ. ಹಲ್ಲು ಕಚ್ಚಿಕೊಂಡೇ, "ಪೈಪು ಬೇಡ. ಕೂಳೂರು ಸಂಕ ಅಂತ ಹೇಳು," ಎಂದರು.

"ಹ್ಞಾಂ?"

"ಮಲ್ಪೆಯಿಂದ ಮೀನಿನ ಲಾರಿ ಬರ್ಬೇಕು. ಹೊಳೆ ದಾಟುವ ಕೂಳೂರಿನ ಸಂಕದಲ್ಲಿ ಬ್ಲಾಕು. ಸುಮ್ಮನೆ ಇರುವಾಗ ಒಂದೊಂದೇ ಲಾರಿ ನುಸುಳಿ ಬರ್ತದೆ, ಸಾಕಾಗ್ತದೆ. ಉಂಡ ಕೂಡಲೇ ಕರುಳು ಹತ್ತು ಲಾರಿ ಕಳಿಸು ಅಂತದೆ. ಎಲ್ಲಿಂದ ಬರ್ಬೇಕು? ಅಲ್ವಾ?"

ನಾನು ಪುಸ್ತಕದಲ್ಲಿ ಎರಡು ದಿನ ಹೆಣಗಿ ತಿಳಿದುಕೊಂಡದ್ದನ್ನು ಈ ಮನುಷ್ಯ ಕುಕ್ಕುರುಗಾಲಲ್ಲಿ ಕೂತು ಅರ್ಧ ನಿಮಿಷಕ್ಕೆ ಮುಗಿಸಿದರು.

ಆ ವರ್ಷ ನಮ್ಮ ಆಸ್ಪತ್ರೆಗೆ ಹೊರಗೆ ಕಲಿತು ಬಂದ ಡಾಕ್ಟರೊಬ್ಬರು ಸೇರಿದ್ದರು. ಕಾಲಿನ ಮುಚ್ಚಿದ ರಕ್ತನಾಳಗಳನ್ನು ಕೊಯ್ಯದೆ, ಬೆಲೂನು ಹಾಕಿ ಬಿಡಿಸುತ್ತಿದ್ದರು. ಹೊಟ್ಟೆಯ ನಾಳಕ್ಕೆ ನಮ್ಮಲ್ಲಿ ಅದುವರೆಗೆ ಮಾಡಿರಲಿಲ್ಲ. ಧಣಿಯನ್ನು ಅವರಲ್ಲಿಗೆ ಕರೆದುಕೊಂಡು ಹೋದೆ. ಅವರು ಧಣಿಯನ್ನು ಮಲಗಿಸಿ, ಎಲ್ಲರೂ ಎದೆಗೆ ಇಡುವ ಸ್ಟೆತಸ್ಕೋಪನ್ನು ಹೊಕ್ಕುಳ ಮೇಲೆ ಇಟ್ಟು ಬಹಳ ಹೊತ್ತು ಕೇಳಿದರು.

"ಎಂತ ಡಾಕ್ಟ್ರೇ, ಬಂಗುಡೆ ಮಾತಾಡ್ತದಾ?"

"ಗಾಳಿ ಊದಿದ ಹಾಗೆ ಸದ್ದು ಬರ್ತಾ ಉಂಟು. ಸಣ್ಣ ಸಂದಿನಲ್ಲಿ ರಕ್ತ ನುಗ್ಗುವ ಸದ್ದು."

"ಕೂಳೂರಿನ ಹಾರ್ನು," ಎಂದು ಧಣಿ ನನ್ನ ಕಡೆ ನೋಡಿದರು.

ನಾಳಕ್ಕೆ ಬಣ್ಣದ ಮದ್ದು ಬಿಟ್ಟು ಫಿಲ್ಮು ತೆಗೆದಾಗ ಎಲ್ಲ ಕಂಡಿತು. ಹೊಟ್ಟೆಗೆ ರಕ್ತ ಒಯ್ಯುವ ಮೂರು ದೊಡ್ಡ ನಾಳಗಳಲ್ಲಿ ಎರಡು ಪೂರ್ತಿ ಬಂದ್. ಮೂರನೆಯದರಲ್ಲಿ ನೂಲಿನಷ್ಟು ದಾರಿ. ಆ ವರದಿ ಟೈಪ್ ಮಾಡುವಾಗ ನನ್ನ ಬೆರಳು ನಾಲ್ಕು ಸಲ ತಪ್ಪಿತು. ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. "ಹೊಟ್ಟೆ ಕೊಯ್ದು ಆಪರೇಷನ್ ಮಾಡಬಹುದು, ಆದ್ರೆ ಅದನ್ನು ತಾಳುವ ಶಕ್ತಿ ನಿಮ್ಮ ಮೈಯಲ್ಲಿ ಇಲ್ಲ. ಹೀಗೇ ಬಿಟ್ರೆ ಒಂದು ದಿನ ಆ ನೂಲು ಸಹ ಮುಚ್ಚುತ್ತದೆ. ಕರುಳು ಸಾಯ್ತದೆ. ಆಮೇಲೆ ನೀವೂ ಇಲ್ಲ. ಬೆಲೂನು ಹಾಕಿ ನೋಡುವ. ಖಾತ್ರಿ ಕೊಡ್ಲಿಕ್ಕೆ ಆಗುದಿಲ್ಲ."

ವಾರಿಜಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಧಣಿ ಕೇಳಿದ್ದು ಒಂದೇ. "ಅವತ್ತು ಹನ್ನೊಂದೂವರೆಗೆ ಯಾರು ಉಣ್ಣುವುದು?"

"ನಿಮ್ಮ ಎಲೆಗೆ ಬೆಂಕಿ ಹಾಕ!" ಎಂದರು ವಾರಿಜಕ್ಕ. ಅವರು ಗಂಡನ ಮೇಲೆ ಹೀಗೆ ಕಿರುಚಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಧಣಿಯೂ ಮೊದಲ ಸಲ ಕೇಳಿರಬೇಕು, ಕೂಡಲೇ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿದರು.

ಹೊಟೇಲಿಗೆ ರಜೆ. ಬಾಬಣ್ಣ ಬಾಗಿಲಿನ ಕಪ್ಪುಹಲಗೆಯಲ್ಲಿ "ಧಣಿಗೆ ಹುಷಾರಿಲ್ಲದ ಕಾರಣ ಊಟ ಇಲ್ಲ" ಎಂದು ಬರೆದಿದ್ದ. ಧಣಿ ಆಸ್ಪತ್ರೆಯ ಮಂಚದಿಂದಲೇ ನನ್ನನ್ನು ಓಡಿಸಿ ಅದನ್ನು ತಿದ್ದಿಸಿದರು: "ಧಣಿ ಉಣ್ಣಲು ಇಲ್ಲದ ಕಾರಣ ಊಟ ಇಲ್ಲ."

ಬೆಲೂನು ಹಾಕುವಾಗ ಪ್ರಜ್ಞೆ ತಪ್ಪಿಸುವುದಿಲ್ಲ. ತೊಡೆಸಂದಿಗೆ ಮಾತ್ರ ಮರಗಟ್ಟುವ ಮದ್ದು. ಅಲ್ಲಿಂದ ಸೂಜಿ, ಸೂಜಿಯೊಳಗಿಂದ ತಂತಿ, ತಂತಿಯ ಮೇಲೆ ಸಪೂರ ನಳಿಗೆ, ಹೀಗೆ ಮೇಲೇರಿ ಕರುಳಿನ ನಾಳದ ಬಾಯಿಗೆ ತಲುಪುವುದು. ಎಲ್ಲವೂ ಒಂದು ಟಿವಿ ಪರದೆಯಲ್ಲಿ ಬೂದು ಬಣ್ಣದಲ್ಲಿ ಕಾಣುತ್ತದೆ. ನನಗೆ ಅಲ್ಲಿ ಕೆಲಸ ಇರಲಿಲ್ಲ. ಧಣಿಯೇ "ಆ ಟೈಪಿಸ್ಟು ಇಲ್ಲದಿದ್ರೆ ನಾನು ಮಲಗುದಿಲ್ಲ" ಎಂದು ಹಟ ಹಿಡಿದದ್ದರಿಂದ ಸೀಸದ ಏಪ್ರನು ಹೊತ್ತು ಮೂಲೆಯಲ್ಲಿ ನಿಂತೆ.

ಧಣಿಯ ಬಾಯಿ ನಿಲ್ಲಲಿಲ್ಲ. ಬಣ್ಣದ ಮದ್ದು ಹೋದಾಗ, "ಅಯ್ಯಯ್ಯೋ, ಒಳಗೆ ಯಾರೋ ಒಗ್ಗರಣೆ ಹಾಕಿದ್ರು!" ತಂತಿ ಸಂದಿನಲ್ಲಿ ತೂರದೆ ಎರಡು ಸಲ ಜಾರಿದಾಗ, "ಮೆಲ್ಲ ಡಾಕ್ಟ್ರೇ, ಎದುರಿನಿಂದ ಲಾರಿ ಬರ್ಬಹುದು." ನರ್ಸು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು. ಮೂರನೆಯ ಸಲ ತಂತಿ ದಾಟಿತು.

"ಈಗ ಬೆಲೂನು ಉಬ್ಬಿಸ್ತೇನೆ. ಆಗ ಇದ್ದ ದಾರಿ ಸಹ ಸ್ವಲ್ಪ ಹೊತ್ತು ಬಂದ್ ಆಗ್ತದೆ, ನೋವು ಬರ್ಬಹುದು. ಅಲ್ಲಾಡಬಾರದು," ಎಂದರು ಡಾಕ್ಟರು.

ಸಿರಿಂಜು ಒತ್ತಿದರು. ಪರದೆಯಲ್ಲಿ ಬೆಲೂನು ಉಬ್ಬಿತು, ನಡುವೆ ಮಾತ್ರ ಸೊಂಟ ಬಿಗಿದ ಹಾಗೆ ಸಣ್ಣಗೆ ಉಳಿಯಿತು. ಧಣಿಯ ಮಾತು ನಿಂತಿತು. ಅವರ ಹಣೆಯಲ್ಲಿ ಅರೆಯುವ ಕಲ್ಲಿನ ಪಕ್ಕ ಕಂಡ ಅದೇ ಬೆವರು.

"ಇದು ಹನ್ನೆರಡು ಗಂಟೆಯದ್ದೇ," ಎಂದರು, ಬಹಳ ಮೆಲ್ಲಗೆ.

ಡಾಕ್ಟರು ಇನ್ನಷ್ಟು ಒತ್ತಿದರು. ಬೆಲೂನಿನ ಸೊಂಟ ತಟ್ಟನೆ ಬಿಚ್ಚಿಕೊಂಡಿತು. ಬೆಲೂನಿಗೆ ತುಂಬಿದ್ದ ಮದ್ದು ಹಿಂದಕ್ಕೆ ಎಳೆದು ಅದನ್ನು ಇಳಿಸಿ ಮತ್ತೆ ಬಣ್ಣ ಬಿಟ್ಟಾಗ ನೂಲು ಇದ್ದಲ್ಲಿ ಒಂದು ದಾರಿಯೇ ಕಂಡಿತು. ಕವಲು ಕವಲಾಗಿ ಇಡೀ ಹೊಟ್ಟೆಗೆ ಕಪ್ಪು ಹರಿಯಿತು. ನಾನು ಏಪ್ರನಿನ ಭಾರ ಮರೆತು ಚಪ್ಪಾಳೆ ತಟ್ಟಿ ಬೈಸಿಕೊಂಡೆ.

ರಕ್ತ ಬಾರದಿರಲೆಂದು ತೊಡೆಯ ಮೇಲೆ ಮರಳಿನ ಚೀಲ ಇಟ್ಟು ಕಾಲು ಮಡಚದೆ ಮಲಗಿಸಿದರು. "ಯಾವ ಹೊಳೆಯ ಹೊಯ್ಗೆ ಇದು? ಗುರುಪುರದ್ದಾ, ನೇತ್ರಾವತಿಯದ್ದಾ?" ಎಂದು ವಿಚಾರಣೆ ಶುರುವಾದಾಗ ವಾರಿಜಕ್ಕನಿಗೆ ಧೈರ್ಯ ಬಂತು. ಬೀಡಿ ಬಿಡಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಧಣಿ ಬಿಟ್ಟರು. ಆದರೆ ಹಚ್ಚದ ಬೀಡಿಯೊಂದು ಕಿವಿಯ ಮೇಲೆ ಕೊನೆಯ ತನಕ ಉಳಿಯಿತು. "ಕಿವಿಗೆ ಅಭ್ಯಾಸ ಆಗಿದೆ, ಅದಕ್ಕೆ ಎಂತಕ್ಕೆ ಬೇಜಾರು ಮಾಡುವುದು?" ಎನ್ನುತ್ತಿದ್ದರು.

ಕೆಲವು ದಿನ ಗಂಜಿ ಕುಡಿದ ಮೇಲೆ ಡಾಕ್ಟರು ಊಟಕ್ಕೆ ಒಪ್ಪಿಗೆ ಕೊಟ್ಟರು. ಎಲ್ಲಿ ಉಣ್ಣುವುದು ಎಂದು ಧಣಿಯನ್ನು ಕೇಳುವ ಹಾಗೇ ಇರಲಿಲ್ಲ. ಅಂದು ಹೊಟೇಲಿನಲ್ಲಿ ಕಾಲಿಡಲು ಜಾಗ ಇಲ್ಲ. ಬೇರೆ ಹೊಟೇಲು ಹಿಡಿದವರು ಸಹ ನಾಚಿಕೆ ಬಿಟ್ಟು ಬಂದಿದ್ದರು. ವಾರಿಜಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಹನ್ನೊಂದೂವರೆಗೆ ಮೊದಲ ಎಲೆ ಬಂತು. ಧಣಿ ಕಲಸಿ ಉಂಡರು. ನಾನು ಕೈಯನ್ನೇ ನೋಡುತ್ತಿದ್ದೆ. ಅನ್ನ ನಿಜವಾಗಿ ಒಳಗೆ ಹೋಯಿತು. ಗಮನ ಮಾತ್ರ ನಾಲಗೆಯ ಮೇಲಲ್ಲ, ಹೊಟ್ಟೆಯ ಮೇಲೆ. ಗಲ್ಲ ಏಳಲಿಲ್ಲ, ತೀರ್ಪೂ ಬರಲಿಲ್ಲ. ಅರ್ಧ ಎಲೆ ಮುಗಿಸಿ, ಉಳಿದದ್ದನ್ನು ಎದುರಿಟ್ಟುಕೊಂಡು, ಎಡಗೈಯನ್ನು ಹೊಟ್ಟೆಯ ಮೇಲೆ ಇಟ್ಟು ಗಡಿಯಾರ ನೋಡುತ್ತ ಕೂತರು.

ನಾವೂ ಗಡಿಯಾರ ನೋಡಿದೆವು. ಒಬ್ಬರೂ ಊಟ ಕೇಳಲಿಲ್ಲ. ಹನ್ನೆರಡಾಯಿತು. ಹನ್ನೆರಡು ಐದು. ಅದ್ರಾಮಾಕನ ತುಟಿ ಪ್ರಾರ್ಥನೆಯಲ್ಲಿ ಅಲ್ಲಾಡುತ್ತಿತ್ತು. ಹನ್ನೆರಡು ಕಾಲಾಯಿತು. ಧಣಿ ಹೊಟ್ಟೆಯ ಮೇಲಿನ ಕೈ ತೆಗೆದರು. ಎಲೆಯಲ್ಲಿ ಉಳಿದಿದ್ದ ಅನ್ನಕ್ಕೆ ಗಸಿ ಕಲಸಿ ಇನ್ನೊಂದು ತುತ್ತು ಬಾಯಿಗಿಟ್ಟು, ಮೂರು ವರ್ಷದ ಮೇಲೆ ಮೊದಲ ಬಾರಿ ನಿಜವಾಗಿ ಫ್ಯಾನಿನ ಕಡೆಗೆ ಗಲ್ಲ ಎತ್ತಿದರು.

ಮುಖ ಕೆಂಪಾಯಿತು. ವಾರಿಜಕ್ಕ "ಅಯ್ಯೋ ದೇವರೇ" ಎಂದು ಓಡಿ ಬಂದರು.

"ಬಾಬೂ," ಎಂದರು ಧಣಿ. "ಇದು ಎಂತದು?"

"ಪುಳಿಮುಂಚಿ, ಧಣಿ."

"ಇದು ಪುಳಿಮುಂಚಿಯಾ? ಬರೀ ಹುಳಿ! ಕೊತ್ತಂಬರಿ ಎಲ್ಲಿ? ಉಪ್ಪು ಎಲ್ಲಿ? ಯಾವಾಗಿಂದ ಹೀಗೆ ಮಾಡ್ತಾ ಇದ್ದಿ?"

ಬಾಬಣ್ಣನ ಕಣ್ಣಲ್ಲಿ ನೀರು ಬಂತು. "ನನಗೆ ಹೇಗೆ ಗೊತ್ತಾಗ್ಬೇಕು ಧಣಿ? ನಾನು ರುಚಿ ನೋಡುವ ಹಾಗಿಲ್ಲ. ನೀವು ದಿನಾ ಸರಿ ಉಂಟು, ಬಡಿಸಿ ಅಂತ ಹೇಳ್ತಾ ಇದ್ರಿ. ಸರಿ ಉಂಟಲ್ಲ ಅಂತ ನಾನು ಹಾಗೇ ಮಾಡಿಕೊಂಡು ಬಂದೆ."

ಧಣಿ ನಿಧಾನವಾಗಿ ನಮ್ಮ ಕಡೆ ತಿರುಗಿದರು. "ನೀವು? ಮೂರು ವರ್ಷ ಇದನ್ನೇ ತಿಂದ್ರಾ? ಒಬ್ಬನಾದ್ರೂ ಬಾಯಿ ಬಿಡ್ಬಾರದಾ?"

ಅದ್ರಾಮಾಕ ಟೊಪ್ಪಿ ಸರಿಮಾಡಿಕೊಂಡರು. "ನೀವು ಕಣ್ಣು ಮುಚ್ಚಿ ಚಪ್ಪರಿಸುವುದು ನೋಡಿ, ನನ್ನದೇ ನಾಲಗೆ ಸತ್ತಿದೆ ಅಂತ ಅಂದಾಜು ಮಾಡಿದೆ ಧಣಿ. ಡಾಕ್ಟರಿಗೆ ಸಹ ತೋರಿಸಿದೆ. ಅವರು ನಾಲಗೆಗೆ ಹಚ್ಚಲಿಕ್ಕೆ ಮದ್ದು ಕೊಟ್ಟಿದ್ದಾರೆ."

ನಾನು ನನ್ನ ವಿಟಮಿನ್ ಮಾತ್ರೆಯ ವಿಷಯ ಹೇಳಲಿಲ್ಲ.

ಧಣಿ ನಕ್ಕರು. ಶುರುವಿನಲ್ಲಿ ಸಿಟ್ಟಿನಿಂದ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಆ ಹೊಟ್ಟೆಯನ್ನು ನಗುವಿಗೆ ಹಿಡಿದುಕೊಂಡದ್ದನ್ನು ಕಂಡು ವಾರಿಜಕ್ಕ ಅತ್ತರು. ಅಂದು ಯಾರಿಗೂ ಬಡಿಸಲಿಲ್ಲ. ಧಣಿ ಅಡುಗೆಮನೆಗೆ ಹೋಗಿ ಬಾಬಣ್ಣನ ಕೈಯಲ್ಲಿ ಹೊಸ ಮಸಾಲೆ ಅರೆಸಿದರು. ನಮಗೆ ಊಟ ಸಿಕ್ಕಿದ್ದು ಮೂರು ಗಂಟೆಗೆ. ನಾನು ಕೆಲಸಕ್ಕೆ ತಡವಾಗಿ ಹೋಗಿ, ಕಾರಣ ಏನೆಂದು ಕೇಳಿದ ಡಾಕ್ಟರಿಗೆ "ನಿಮ್ಮ ಬೆಲೂನು" ಎಂದೆ.

ಅಲ್ಲಿಂದ ಕೊನೆಯ ತನಕ ಮೊದಲ ಎಲೆಯನ್ನು ಧಣಿ ನಿಜವಾಗಿಯೇ ಉಂಡರು. ಹೋದ ತಿಂಗಳು ಅವರು ತೀರಿಕೊಂಡ ಹದಿಮೂರನೆಯ ದಿನ, ಅಂದರೆ ಉತ್ತರಕ್ರಿಯೆಯ ಬೊಜ್ಜದ ದಿನ, ಊಟ ಹೊಟೇಲಿನಲ್ಲೇ ಇತ್ತು. ಹಾಗೇ ಆಗಬೇಕೆಂದು ವಾರಿಜಕ್ಕ ಹೇಳಿದ್ದರು. ಎಲೆ ಹಾಕಿದರು, ನಾವು ಕೂತೆವು. ಬಾಗಿಲಿನ ಎದುರಿನ ಮೇಜಿನಲ್ಲೂ ಒಂದು ಎಲೆ. ಅಲ್ಲಿಗೆ ಮಾತ್ರ ಬಡಿಸಿ, ಬಡಿಸುವವರು ಸೌಟು ಹಿಡಿದು ನಿಂತುಬಿಟ್ಟರು. ಮುಂದೆ ಏನು ಎಂದು ಯಾರಿಗೂ ಗೊತ್ತಿಲ್ಲ. ಹನ್ನೊಂದೂವರೆ ದಾಟಿತು.

ವಾರಿಜಕ್ಕ ಬಾಬಣ್ಣನ ಮುಖ ನೋಡಿ, "ಕೂತ್ಕೊ," ಎಂದರು.

ಬಾಬಣ್ಣ ಕೈ ತೊಳೆದು ಬಂದು ಆ ಮೇಜಿನ ತುದಿಯಲ್ಲಿ ಕೂತ. ಸೌತೆಕಾಯಿ ಸಾಂಬಾರಿಗೆ ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟ. ಕಣ್ಣು ಮುಚ್ಚಿದ. ಅವನ ಗಲ್ಲ ಫ್ಯಾನಿನ ಕಡೆಗೆ ಎದ್ದಿತು. ನಾವೆಲ್ಲ ಉಸಿರು ಹಿಡಿದೆವು.

"ಉಪ್ಪು ಕಡಿಮೆ ಉಂಟು," ಎಂದ ಬಾಬಣ್ಣ. "ಬಡಿಸಬೇಡಿ."

ಎದ್ದು ಒಳಗೆ ಹೋದ. ಅದ್ರಾಮಾಕ ತೋಳಿನಿಂದ ಕಣ್ಣು ಒರೆಸಿಕೊಂಡು, "ನಿಧಾನ ಮಾಡು ಬಾಬಣ್ಣಾ, ಗಡಿಬಿಡಿ ಇಲ್ಲ," ಎಂದು ಕೂಗಿ ಹೇಳಿದರು. ನಾವು ಅಷ್ಟೂ ಜನ ಖಾಲಿ ಎಲೆಗಳ ಮುಂದೆ ಕಾದು ಕೂತೆವು.